ಸೋತರೂ ಬಾಗಿಲು ತೆರೆದ ಕಮಲಾದೇವಿ



ಚುನಾವಣೆಯ ದಿನ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳ ಮುಂದೆ ಬೆಳಿಗ್ಗೆಯಿಂದಲೇ ಎರಡು ಸಾಲುಗಳು ನಿಲ್ಲುವುದನ್ನು ನೀವು ನೋಡಿದ್ದೀರಿ. ಒಂದು ಗಂಡಸರದು, ಇನ್ನೊಂದು ಹೆಂಗಸರದು. ನೂರು ವರ್ಷಗಳ ಹಿಂದೆ ಆ ಎರಡನೆಯ ಸಾಲು ಹೆಸರಿಗಷ್ಟೇ ಇತ್ತು. ಅಂಥ ಕಾಲದಲ್ಲಿ ನಮ್ಮದೇ ಜಿಲ್ಲೆಯ ಒಬ್ಬ ಯುವತಿ ಮತ ಕೇಳಲು ಜನರ ಮುಂದೆ ನಿಂತರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಅವರ ಬದುಕನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ ಓದು ಬಲ್ಲ ಸ್ವಾಭಿಮಾನಿ ಹೆಣ್ಣುಮಗಳು. ಕಮಲಾದೇವಿ ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮಲಮಗನ ಪಾಲಾಯಿತು. ಗಿರಿಜಾಬಾಯಿಗೆ ಸಿಗುವಂತಿದ್ದುದು ತಿಂಗಳ ಖರ್ಚಿನ ಹಣ ಮಾತ್ರ. ಆಕೆ ಅದನ್ನೂ ಒಲ್ಲೆನೆಂದು, ತನ್ನ ತವರಿನಿಂದ ಬಂದ ಹಣದಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ಈ ಘಟನೆಯನ್ನು ನೆನಪಿನಲ್ಲಿಡಿ. ಮುಂದೆ ಚುನಾವಣೆಯ ಮಾತು ಬರುವಾಗ ಇದರ ಅರ್ಥ ನಿಮಗೆ ಹೊಳೆಯುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾದ ಕಮಲಾದೇವಿ ಎರಡೇ ವರ್ಷಗಳಲ್ಲಿ ವಿಧವೆಯಾದರು. ಆದರೆ ಓದು ನಿಲ್ಲಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಇಬ್ಬರೂ ವಿವಾಹವಾದರು. ಸಮಾಜದ ಟೀಕೆಗೆ ಅವರು ಜಗ್ಗಲಿಲ್ಲ. ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ತಲುಪಿತು. 1923ರಲ್ಲಿ ಊರಿಗೆ ಮರಳಿ ಸೇವಾದಳ ಸೇರಿದರು.

ಈಗ ಆ ಚುನಾವಣೆಯ ವಿಷಯಕ್ಕೆ ಬರೋಣ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಈ ಮೂರೂ ಊರುಗಳು ಅದೇ ಜಿಲ್ಲೆಯಲ್ಲಿದ್ದವು. 1921ರಲ್ಲಿ ಮದ್ರಾಸ್ ಶಾಸನಸಭೆ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು. ಆದರೆ ಚುನಾವಣೆಗೆ ನಿಲ್ಲುವ ಹಕ್ಕು ಸಿಕ್ಕಿದ್ದು 1926ರಲ್ಲಿ. ದೂರದ ಅಮೆರಿಕದಲ್ಲಿ ವಯೋಮಿಂಗ್ ಪ್ರದೇಶ 1869ರಲ್ಲೇ ಹೆಂಗಸರಿಗೆ ಮತ ಕೊಟ್ಟಿತ್ತು; ಆದರೂ ಆ ರಾಜ್ಯದ ಜನ ನೆಲ್ಲಿ ಟೇಲೋ ರಾಸ್ ಎಂಬ ಮಹಿಳೆಯನ್ನು ಗವರ್ನರ್ ಹುದ್ದೆಗೆ ಆರಿಸಲು 1924 ಬರಬೇಕಾಯಿತು. ಮತ ಹಾಕುವ ಹಕ್ಕಿನಿಂದ ಮತ ಕೇಳುವ ಧೈರ್ಯದವರೆಗಿನ ದಾರಿ ಎಲ್ಲೆಡೆಯೂ ದೀರ್ಘವೇ.

ಐರ್ಲೆಂಡಿನಿಂದ ಬಂದು ಭಾರತದ ಮಹಿಳೆಯರಿಗಾಗಿ ದುಡಿದ ಮಾರ್ಗರೆಟ್ ಕಸಿನ್ಸ್ ಹಿಂದೆ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದವರು. ಅವರ ಒತ್ತಾಸೆಯಿಂದ ಇಪ್ಪತ್ತಮೂರು ವರ್ಷದ ಕಮಲಾದೇವಿ ಮದ್ರಾಸ್ ಶಾಸನಸಭೆಗೆ ತಮ್ಮ ಜಿಲ್ಲೆಯಿಂದಲೇ ಸ್ಪರ್ಧಿಸಿದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. ಕೊನೆಗೆ ಬಹಳ ಕಡಿಮೆ ಮತಗಳ ಅಂತರದಲ್ಲಿ ಅವರು ಸೋತರು. ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆಯೆಂದು ಇತಿಹಾಸ ಅವರನ್ನು ಗುರುತಿಸುತ್ತದೆ.

ಸೋಲಿಗೆ ಕಾರಣವೇನೆಂದು ನೀವು ಕೇಳಬಹುದು. ಅಂದು ಮತದ ಹಕ್ಕು ಎಲ್ಲರಿಗೂ ಇರಲಿಲ್ಲ. ಭೂಮಿ ಇದ್ದವರು, ತೆರಿಗೆ ಕಟ್ಟುವವರು ಮಾತ್ರ ಪಟ್ಟಿಯಲ್ಲಿದ್ದರು. ಗೇಣಿಗೆ ದುಡಿಯುವ ಬಡವ, ಬಲೆ ಹಾಕುವ ಮೀನುಗಾರ ಅದರಿಂದ ಹೊರಗೇ ಉಳಿದಿದ್ದರು. ಮುಸ್ಲಿಮರಿಗೆ ಪ್ರತ್ಯೇಕ ಕ್ಷೇತ್ರಗಳಿದ್ದುದರಿಂದ ಸಾಮಾನ್ಯ ಕ್ಷೇತ್ರದ ಅಭ್ಯರ್ಥಿಗೆ ನಮ್ಮ ಹಿರಿಯರು ಮತ ಹಾಕುವಂತಿರಲಿಲ್ಲ. ಇನ್ನು ಹೆಂಗಸರ ಹೆಸರಿನಲ್ಲಿ ಆಸ್ತಿ ಇರುತ್ತಿದ್ದುದೇ ಅಪರೂಪ. ಗಿರಿಜಾಬಾಯಿಯವರ ಕೈತಪ್ಪಿದ ಆಸ್ತಿ ನೆನಪಾಯಿತೇ? ಯಾವ ಕಾನೂನು ತಾಯಿಯನ್ನು ಬರಿಗೈಯಲ್ಲಿ ನಿಲ್ಲಿಸಿತೋ, ಅಂಥದೇ ಕಾನೂನು ಮಗಳಿಗೆ ಮತ ಹಾಕಬಹುದಾಗಿದ್ದ ಸಾವಿರಾರು ಹೆಂಗಸರನ್ನು ಪಟ್ಟಿಯಿಂದ ದೂರವಿಟ್ಟಿತ್ತು.

ಆದರೆ ಆ ಸೋಲು ವ್ಯರ್ಥವಾಗಲಿಲ್ಲ. ಮರುವರ್ಷವೇ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅದೇ ಶಾಸನಸಭೆಗೆ ನಾಮಕರಣಗೊಂಡು ಅದರ ಉಪಾಧ್ಯಕ್ಷೆಯೂ ಆದರು. ಕಮಲಾದೇವಿ ಕೊರಗುತ್ತ ಕೂರದೆ 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಗೆ ಇಳಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಸ್ಥಾನ ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು. ದೇಶ ವಿಭಜನೆಯ ನಂತರ ನಿರಾಶ್ರಿತರಿಗಾಗಿ ಫರೀದಾಬಾದ್ ಪಟ್ಟಣ ಕಟ್ಟುವ ಕೆಲಸದಲ್ಲಿ ದುಡಿದರು. 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ ನೇಕಾರರು, ಕುಂಬಾರರು, ಬಡಗಿಗಳ ಕೈಕಸುಬಿಗೆ ಮತ್ತೆ ಬೆಲೆ ತಂದರು. ಪದ್ಮಭೂಷಣ, ಮ್ಯಾಗ್ಸೆಸೆ, ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ಅವರು ನಮ್ಮನ್ನಗಲಿದರು.

ಆಸ್ತಿಯ ಷರತ್ತಿಲ್ಲದೆ ಎಲ್ಲ ವಯಸ್ಕರಿಗೂ ಮತದ ಹಕ್ಕು ಕೊಟ್ಟದ್ದು ನಮ್ಮ ಸಂವಿಧಾನ. ಆದರೂ 1951-52ರ ಮೊದಲ ಮಹಾಚುನಾವಣೆಯಲ್ಲಿ ದೇಶದ ಸುಮಾರು 28 ಲಕ್ಷ ಮಹಿಳೆಯರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ, ಸ್ವಂತ ಹೆಸರು ಹೇಳಲು ಹಿಂಜರಿದದ್ದೇ ಕಾರಣ.

ಆದ್ದರಿಂದ ವಿದ್ಯಾರ್ಥಿಗಳೇ, ಹದಿನೆಂಟು ತುಂಬಿದ ಕೂಡಲೇ ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಮನೆಯಲ್ಲಿರುವ ಅಜ್ಜಿಯ, ತಾಯಿಯ, ಅಕ್ಕನ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದೂ ಓದಿ ಹೇಳಿ. ಶಾಲಾ ಚುನಾವಣೆಯಲ್ಲೋ ಸ್ಪರ್ಧೆಯಲ್ಲೋ ಸೋತು ಮನೆಗೆ ಬಂದ ದಿನ, ಮಂಗಳೂರಿನ ಈ ಹೆಣ್ಣುಮಗಳನ್ನು ಒಮ್ಮೆ ನೆನೆಯಿರಿ. ಅವರು ಸೋತ ಸ್ಥಾನ ಒಂದೇ. ಅವರು ನಿಂತದ್ದರಿಂದ ತೆರೆದ ಬಾಗಿಲಿನಲ್ಲಿ ಇಂದು ನಮ್ಮ ಹೆಣ್ಣುಮಕ್ಕಳು ಪಂಚಾಯತಿಯಿಂದ ಪಾರ್ಲಿಮೆಂಟಿನವರೆಗೆ ನಡೆದು ಹೋಗುತ್ತಿದ್ದಾರೆ.