ಕಾರಿನ ಭಾರ ಇಳಿಸಿದ ಕಾಲಿನ್ ಚಾಪ್‌ಮನ್

ನನ್ನ ಮಾಮೂ ಅವರ ಗ್ಯಾರೇಜಿಗೆ ಬರುವವರು ಮೊದಲು ಕಾರಿನ ಬಾಗಿಲು ಹಾಕಿ ನೋಡುತ್ತಾರೆ. ದಪ್ಪ ಶಬ್ದ ಬಂದರೆ ಗಟ್ಟಿ ಗಾಡಿ ಎಂದು ತಲೆಯಾಡಿಸುತ್ತಾರೆ. ಭಾರ ಇದ್ದರೆ ಒಳ್ಳೆಯ ಕಾರು ಎಂಬ ಈ ನಂಬಿಕೆಯನ್ನು ಜೀವನವಿಡೀ ಒಪ್ಪದಿದ್ದವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್, ಲೋಟಸ್ ಕಾರು ಕಂಪನಿಯ ಸ್ಥಾಪಕರು.

ಅವರು ಹುಟ್ಟಿದ್ದು 1928ರ ಮೇ 19ರಂದು. ತಂದೆ ಲಂಡನ್ನಿನ ಹಾರ್ನ್ಸಿಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಚಾಪ್‌ಮನ್ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದುತ್ತಲೇ ಹಳೆಯ ಕಾರುಗಳನ್ನು ಕೊಂಡು ಮಾರುತ್ತಿದ್ದರು. 1947ರಲ್ಲಿ ಸರ್ಕಾರ ಖಾಸಗಿ ಕಾರುಗಳಿಗೆ ಪೆಟ್ರೋಲ್ ರೇಷನ್ ಕೊಡುವುದನ್ನು ನಿಲ್ಲಿಸಿದಾಗ ವ್ಯಾಪಾರ ಬಿದ್ದುಹೋಯಿತು. ಮಾರಾಟವಾಗದೆ ಉಳಿದ ಒಂದು ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ತಮ್ಮ ಮೊದಲ ಕಾರು ಕಟ್ಟಿದರು. ಗಣಿತ ಪತ್ರಿಕೆಯನ್ನು ಎರಡನೇ ಸಲ ಬರೆದು ಪದವಿ ಪಡೆದರು ಎಂಬುದನ್ನು ನಮ್ಮ ತರಗತಿಯ ಕೆಲವರಿಗಾಗಿ ಸೇರಿಸುತ್ತಿದ್ದೇನೆ! 1952ರಲ್ಲಿ, ಮುಂದೆ ಪತ್ನಿಯಾದ ಹೇಝಲ್ ಅವರಿಂದ ಪಡೆದ 25 ಪೌಂಡ್‌ನಿಂದ ಕಂಪನಿ ಶುರುವಾಯಿತು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ತುಂಬ ಹಿಡಿಸಿದ್ದು 1957ರ ಲೋಟಸ್ ಸೆವೆನ್. ತೆಳು ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಇಬ್ಬರಿಗೆ ಸೀಟು, ಅಷ್ಟೆ. ಆಗ ಇಂಗ್ಲೆಂಡಿನಲ್ಲಿ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಹಾಗಾಗಿ ಚಾಪ್‌ಮನ್ ಕಾರನ್ನು ಕಿಟ್ ಆಗಿ ಮಾರಿದರು. ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. 1960ರಲ್ಲಿ ಎರಡನೇ ಸರಣಿ, 1968ರಲ್ಲಿ ಮೂರನೆಯದು, 1970ರಲ್ಲಿ ಫೈಬರ್ ಮೈಯ ನಾಲ್ಕನೆಯದು ಬಂತು. ಈ ನಾಲ್ಕನೆಯದು ಹಳೆಯ ಅಭಿಮಾನಿಗಳಿಗೆ ಹಿಡಿಸಲಿಲ್ಲ. 1973ರಲ್ಲಿ ಅಲ್ಲಿ ವ್ಯಾಟ್ ಬಂದು ಕಿಟ್‌ನ ತೆರಿಗೆ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು.

ಫೈಬರ್ ಎಂದರೆ ಗಂಗೊಳ್ಳಿ ಬಂದರಿನಲ್ಲಿ ದೋಣಿ ನೋಡಿದವರಿಗೆ ವಿವರಿಸಬೇಕಿಲ್ಲ. 1957ರ ಎಲೀಟ್ ಕಾರಿನ ಮೈ, ಚೌಕಟ್ಟು ಎರಡೂ ಅದರದ್ದೇ. ಅದು ನಷ್ಟ ತಂದಿತು. 1962ರ ಎಲಾನ್‌ನಲ್ಲಿ ಫೈಬರ್ ಮೈಯ ಒಳಗೆ ಬೆನ್ನುಮೂಳೆಯಂತೆ ಒಂದೇ ಉಕ್ಕಿನ ಚಾಸಿಸ್ ಇಟ್ಟರು. 1558 ಸಿಸಿ ಎಂಜಿನ್ ಇದ್ದ ಈ ಕಾರು ಇಂದಿನ ಆಲ್ಟೊಗಿಂತ ಹಗುರ. 1965ರ ಹೊತ್ತಿಗೆ ಗಟ್ಟಿ ಛಾವಣಿ, ವಿದ್ಯುತ್ ಕಿಟಕಿ ಬಂದವು. 1971ರ ಸ್ಪ್ರಿಂಟ್‌ನಲ್ಲಿ ಶಕ್ತಿ 105ರಿಂದ 126 ಅಶ್ವಶಕ್ತಿಗೆ ಏರಿತು. 1989ರಲ್ಲಿ ಜಪಾನಿನ ಮಾಜ್ದಾ ತನ್ನ ಎಂಎಕ್ಸ್-5 ಕಾರಿಗೆ ಎಲಾನ್‌ನನ್ನೇ ಮಾದರಿಯಾಗಿ ನೋಡಿತು. ಬೆಂಗಳೂರಿನಲ್ಲಿ ಸಿಪಾನಿ ಕಂಪನಿ 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿಗೂ ಫೈಬರ್ ಮೈ ಇತ್ತು. ಅದು ಸ್ಪೋರ್ಟ್ಸ್ ಕಾರಲ್ಲ, ಆದರೂ ನಮ್ಮವರದು ಎಂದು ಹೇಳಿದೆ.

ಫಾರ್ಮುಲಾ ಒನ್‌ನಲ್ಲಿ ಲೋಟಸ್ ತಂಡ ಏಳು ಬಾರಿ ಕನ್‌ಸ್ಟ್ರಕ್ಟರ್ ಪ್ರಶಸ್ತಿ ಗೆದ್ದಿತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. 1968ರಲ್ಲಿ ಚಾಪ್‌ಮನ್ ಅವರ ಆಪ್ತ ಚಾಲಕ ಜಿಮ್ ಕ್ಲಾರ್ಕ್ ಹಾಕನ್‌ಹೈಮ್‌ನಲ್ಲಿ ತೀರಿಹೋದರು. ಕಾರುಗಳು ತೀರ ನಾಜೂಕಾಗಿವೆ ಎಂದು ಪತ್ರ ಬರೆದು ಎಚ್ಚರಿಸಿದ್ದ ಯೋಕೆನ್ ರಿಂಟ್ 1970ರಲ್ಲಿ ಮೊಂಜಾದಲ್ಲಿ ಪ್ರಾಣ ಬಿಟ್ಟರು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ಸತ್ತ ಮೇಲೆ ಸಿಕ್ಕಿತು. ಆ ಪತ್ರದ ವಿಷಯ ಓದಿದ ಮೇಲೆ ಎಲಾನ್‌ನ ಅಂದ ನನಗೆ ಮೊದಲಿನಷ್ಟು ಸಲೀಸಾಗಿ ಕಾಣುತ್ತಿಲ್ಲ.

ಕೊನೆಯ ಅಧ್ಯಾಯ ಲೆಕ್ಕಪತ್ರದ್ದು. 1978ರಲ್ಲಿ ಡೆಲೋರಿಯನ್ ಎಂಬ ಕಂಪನಿಯ ಕಾರನ್ನು ಸಿದ್ಧಪಡಿಸುವ ಕೆಲಸ ಲೋಟಸ್‌ಗೆ ಬಂತು. ಬ್ರಿಟಿಷ್ ಸರ್ಕಾರ ಉತ್ತರ ಐರ್ಲೆಂಡಿನಲ್ಲಿ ಉದ್ಯೋಗ ಸೃಷ್ಟಿಸಲು ಆ ಕಂಪನಿಗೆ ಜನರ ತೆರಿಗೆ ಹಣ ಕೊಟ್ಟಿತ್ತು. ಸುಮಾರು 1.76 ಕೋಟಿ ಡಾಲರ್ ಪನಾಮಾದಲ್ಲಿ ನೋಂದಾಯಿತವಾದ ಒಂದು ಸಂಸ್ಥೆಗೆ ಹೋಗಿ ಅಲ್ಲಿಂದ ಮಾಯವಾಯಿತು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ತಡೆಹಿಡಿಯುವುದು. ಎರಡೂ ಅರ್ಥ ಇಲ್ಲಿ ಕೂಡುತ್ತವೆ ಎಂದು ನನಗನ್ನಿಸಿತು. ವಿಚಾರಣೆ ಚಾಪ್‌ಮನ್ ಅವರನ್ನು ತಲುಪುವ ಮೊದಲೇ, 1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಲೋಟಸ್‌ನ ಲೆಕ್ಕ ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ ತಪ್ಪೊಪ್ಪಿಕೊಂಡು 1992ರಲ್ಲಿ ಮೂರು ವರ್ಷದ ಜೈಲು ಶಿಕ್ಷೆಗೆ ಗುರಿಯಾದರು. ಚಾಪ್‌ಮನ್ ಬದುಕಿದ್ದರೆ ಕನಿಷ್ಠ ಹತ್ತು ವರ್ಷ ಆಗುತ್ತಿತ್ತು ಎಂಬುದು ನ್ಯಾಯಾಧೀಶರ ಅಭಿಪ್ರಾಯವಾಗಿತ್ತು.

ಸೆವೆನ್ ಕಾರನ್ನು ಕೇಟರ್‌ಹ್ಯಾಮ್ ಈಗಲೂ ತಯಾರಿಸುತ್ತಿದೆ. ಬೇಕೆಂದವರಿಗೆ ಬಿಡಿಭಾಗಗಳಾಗಿಯೇ ಕೊಡುತ್ತದೆ.