ಬೀದರಿಗೆ ಬಂದ ರಷ್ಯದ ಪಥಿಕ

ಔರಾದಿನಿಂದ ಬೀದರಿಗೆ ಸುಮಾರು 40 ಕಿಲೋಮೀಟರುಗಳ ದಾರಿ. ಭಾಲ್ಕಿಯಿಂದಲೂ ಹೆಚ್ಚುಕಡಮೆ ಅಷ್ಟೇ ದೂರ. ಬೆಳಗಿನ ತಂಪಿನಲ್ಲಿ ಸೈಕಲ್ಲನ್ನೇರಿ ಹೊರಟ ವಿದ್ಯಾರ್ಥಿಯು ನಡುಹಗಲಿಗೆ ಮೊದಲೇ ಬೀದರಿನ ಕೋಟೆಯನ್ನು ಕಾಣಬಲ್ಲನು. ಔರಾದಿನ ಕಡೆಯಿಂದ ಬರುವವನು ಜೋಳ, ತೊಗರಿಗಳು ಬೆಳೆಯುವ ಎರೆಹೊಲಗಳನ್ನು ಹಾದು ಮಾಂಜ್ರಾ ನದಿಯನ್ನು ದಾಟುತ್ತಾನೆ. ಅನಂತರ ದಾರಿ ಮೇಲಕ್ಕೇರತೊಡಗುತ್ತದೆ. ಮಣ್ಣಿನ ಕಪ್ಪು ಬಣ್ಣವು ಮಾಯವಾಗಿ ಕೆಂಪು ನೆಲ ಕಾಣಿಸುತ್ತದೆ. ಇದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ. ಇದರ ಅಂಚನ್ನು ಮಳೆಯ ನೀರು ಕೊರೆದು ಕೊರಕಲುಗಳನ್ನು ಮಾಡಿದೆ. ಬೇಸಗೆಯಲ್ಲಿ ಈ ಬಯಲಿನ ಬಿಸಿಲು ಬಹಳ ಕಠಿನ, ನೆರಳು ಅಪರೂಪ.

ಸುಮಾರು 550 ವರ್ಷಗಳ ಹಿಂದೆ ಈ ಕೆಂಪು ನೆಲದ ರಾಜಧಾನಿಗೆ ಒಬ್ಬ ಪರದೇಶಿ ವರ್ತಕನು ಒಂದು ಕುದುರೆಯೊಡನೆ ಬಂದನು. ಅವನ ಊರು ರಷ್ಯದ ವೋಲ್ಗಾ ನದಿಯ ದಡದಲ್ಲಿರುವ ತ್ವೇರ್ ಎಂಬ ಪಟ್ಟಣ. ಅವನ ಹೆಸರು ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೊದಲೇ ಅವನು ದಖ್ಖಣದ ನೆಲವನ್ನು ಮೆಟ್ಟಿದ್ದನು.

ನಿಕಿತಿನ್ನನು ಭಾರತವನ್ನು ನೋಡಬೇಕೆಂದು ಮನೆಯನ್ನು ಬಿಟ್ಟವನಲ್ಲ. ಕ್ಯಾಸ್ಪಿಯನ್ ಸಮುದ್ರದ ಆಚೆಯ ಷಿರ್ವಾನ್ ದೇಶದಲ್ಲಿ ವ್ಯಾಪಾರ ಮಾಡಿ ಹಿಂದಿರುಗಬೇಕೆಂಬುದಷ್ಟೇ ಅವನ ಉದ್ದೇಶವಾಗಿತ್ತು. ವರ್ತಕರ ಗುಂಪಿನೊಡನೆ ಅವನು ವೋಲ್ಗಾ ನದಿಯಲ್ಲಿ ಇಳಿದು ಬರುತ್ತಿರಲು, ಅಸ್ತ್ರಖಾನಿನ ಬಳಿ ತಾರ್ತರರು ಹಡಗುಗಳ ಮೇಲೆರಗಿ ಸರಕನ್ನು ದೋಚಿದರು. ಅವನ ಪುಸ್ತಕಗಳೂ ಈ ಪ್ರಯಾಣದ ದರೋಡೆಯಲ್ಲಿ ಹೋದುವು. ಉಳಿದ ಹಡಗುಗಳಲ್ಲಿ ಒಂದು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಅಪ್ಪಳಿಸಿತು, ಅದರಲ್ಲಿದ್ದವರು ಸೆರೆಯಾದರು. ಊರಿನಲ್ಲಿ ಆಸ್ತಿಯುಳ್ಳವರು ಹಿಂದಿರುಗಿದರು. ಸಾಲ ಮಾಡಿ ಬಂದವರಿಗೆ ಆ ದಾರಿಯೂ ಇರಲಿಲ್ಲ. ಅವರು ಕಣ್ಣು ಕಂಡತ್ತ ನಡೆದರು. ನಿಕಿತಿನ್ನನೂ ಮನೆಯ ಕಡೆಗೆ ತಿರುಗಲಿಲ್ಲ. ದೆರ್ಬೆಂತಿನಿಂದ ಬಾಕುವಿಗೆ, ಅಲ್ಲಿಂದ ಸಮುದ್ರವನ್ನು ದಾಟಿ ಪರ್ಷಿಯಾ ದೇಶಕ್ಕೆ ಹೋದನು.

ಪರ್ಷಿಯಾದಲ್ಲಿ ಅವನು ಊರಿಂದೂರಿಗೆ ಸಾಗಿದನು. ಕಾಶಾನ್, ನಾಯಿನ್, ಯಜ್ದ್ ಮೊದಲಾದ ಮರುಭೂಮಿಯ ಅಂಚಿನ ಪಟ್ಟಣಗಳು ಅವನ ದಾರಿಯಲ್ಲಿದ್ದುವು. ಆ ನಾಡಿನ ಜನರು ದೂರದ ಬೆಟ್ಟಗಳ ಅಂತರ್ಜಲವನ್ನು ನೆಲದೊಳಗಿನ ಸುರಂಗಗಳ ಮೂಲಕ ಊರಿಗೆ ತರುವ ವಿದ್ಯೆಯನ್ನು ಬಲ್ಲವರು. ಬಹಮನಿ ಸುಲ್ತಾನರ ಕಾಲದಲ್ಲಿ ಆ ವಿದ್ಯೆಯು ಬೀದರಿಗೂ ಬಂದಿತು. ಬೀದರಿನ ಬಳಿಯ ನೌಬಾದಿನಲ್ಲಿರುವ ಸುರಂಗ ಕಾಲುವೆಯನ್ನೂ, ಅದರ ಮೇಲೆ ಸಾಲಾಗಿ ತೋಡಿರುವ ಬಾವಿಗಳನ್ನೂ ಇಂದಿಗೂ ನೋಡಬಹುದು. ಒಣನಾಡಿನಿಂದ ಒಣನಾಡಿಗೆ ಮನುಷ್ಯರು ಮಾತ್ರವಲ್ಲದೆ ಅವರ ತಿಳಿವಳಿಕೆಯೂ ಪ್ರಯಾಣ ಮಾಡಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಹೊರ್ಮುಜ್ ಬಂದರಿನಲ್ಲಿ ನಿಕಿತಿನ್ನನು ಸುಡುವ ಬಿಸಿಲನ್ನು ಅನುಭವಿಸಿದನು. ಹಿಂದೂದೇಶದಲ್ಲಿ ಉತ್ತಮ ಕುದುರೆಗಳು ಹುಟ್ಟುವುದಿಲ್ಲವಾಗಿ ಅಲ್ಲಿಯ ದೊರೆಗಳು ಅವಕ್ಕೆ ಬಹಳ ಬೆಲೆ ಕೊಡುವರೆಂಬುದು ಆ ಕಾಲದ ವರ್ತಕರಿಗೆ ತಿಳಿದ ಸಂಗತಿ. ಅವನು ಒಂದು ಗಂಡು ಕುದುರೆಯೊಡನೆ ಹಡಗನ್ನೇರಿದನು. ಅದಕ್ಕಾಗಿ ಅವನಿಗೆ 100 ರೂಬಲ್ಲುಗಳು ವೆಚ್ಚವಾದುವು. ಇದ್ದುದೆಲ್ಲವನ್ನೂ ಕಳೆದುಕೊಂಡವನ ಬಾಳಿನ ಭರವಸೆಯೆಲ್ಲ ಆಗ ಆ ಒಂದು ಪ್ರಾಣಿಯ ಮೇಲೆ ನಿಂತಿತ್ತು.

ಮುಂಬಯಿಗೆ ದಕ್ಷಿಣದಲ್ಲಿರುವ ಚೌಲ್ ಬಂದರಿನಲ್ಲಿ ಅವನು ಇಳಿದನು. ಅವನ ಬಿಳಿಯ ಮೈಬಣ್ಣವನ್ನು ಕಂಡು ಬೆರಗಾದ ಜನರು ಹಿಂದೆ ಹಿಂದೆಯೇ ಬಂದರು. ಅಲ್ಲಿಂದ ಘಟ್ಟವನ್ನು ಹತ್ತಿ 24 ದಿನಗಳ ಪ್ರಯಾಣದ ಮೇಲೆ ಜುನ್ನಾರ್ ನಗರವನ್ನು ಸೇರಿದನು. ಅಷ್ಟರಲ್ಲಿ ಮಳೆಗಾಲವು ಬಂದಿತು. ಹಗಲೂ ಇರುಳೂ ನೀರು, ಕೆಸರು. ಪ್ರಯಾಣವು ನಿಂತಿತು. ಈ ದೇಶದಲ್ಲಿ ಕುದುರೆಗಳಿಗೆ ಕಡಲೆಯನ್ನೂ, ಬೇಯಿಸಿದ ಕಿಚಡಿಯನ್ನೂ ತಿನ್ನಿಸುವುದನ್ನು ಅವನು ಕುತೂಹಲದಿಂದ ಗುರುತಿಸಿಕೊಂಡನು.

ಜುನ್ನಾರಿನಲ್ಲಿಯೇ ಅವನ ಬಾಳಿನ ದೊಡ್ಡ ಪರೀಕ್ಷೆ ನಡೆಯಿತು. ಅಲ್ಲಿಯ ಅಧಿಕಾರಿಯಾದ ಅಸದ್ ಖಾನನು ಅವನ ಕುದುರೆಯನ್ನು ಕಿತ್ತುಕೊಂಡನು. ನಿಕಿತಿನ್ನನು ತನ್ನ ಧರ್ಮವನ್ನು ಬಿಟ್ಟು ಇಸ್ಲಾಮನ್ನು ಸ್ವೀಕರಿಸಿದರೆ ಕುದುರೆಯನ್ನು ಹಿಂದಕ್ಕೆ ಕೊಟ್ಟು, ಜೊತೆಗೆ ಸಾವಿರ ಚಿನ್ನದ ನಾಣ್ಯಗಳನ್ನು ಕೊಡುವುದಾಗಿ ಹೇಳಿದನು. ಒಪ್ಪದಿದ್ದರೆ ಕುದುರೆಯೂ ಇಲ್ಲ. ಮೇಲಾಗಿ ಸಾವಿರ ನಾಣ್ಯಗಳ ದಂಡ. ಯೋಚಿಸಲು ನಾಲ್ಕು ದಿನಗಳ ಗಡುವನ್ನು ಕೊಟ್ಟನು. ಆ ದೂರದ ನಾಡಿನಲ್ಲಿ ನಿಕಿತಿನ್ನನಿಗೆ ಬಂಧುಗಳಿರಲಿಲ್ಲ, ಸ್ವದೇಶದವರಿರಲಿಲ್ಲ. ಆದರೂ ಅವನು ಮಣಿಯಲಿಲ್ಲ. ಗಡುವು ಮುಗಿಯುವುದರೊಳಗೆ ಖುರಾಸಾನಿನ ಖ್ವಾಜಾ ಮಹಮ್ಮದನೆಂಬ ಖಜಾಂಚಿಯು ಆ ಊರಿಗೆ ಬಂದನು. ನಿಕಿತಿನ್ನನು ಅವನಲ್ಲಿ ಮೊರೆಯಿಟ್ಟನು. ಖ್ವಾಜಾ ಮಹಮ್ಮದನು ಖಾನನ ಬಳಿಗೆ ಹೋಗಿ ಪರದೇಶಿಯ ಪರವಾಗಿ ಮಾತನಾಡಿ ಕುದುರೆಯನ್ನು ಬಿಡಿಸಿಕೊಟ್ಟನು. ಮತಾಂತರದ ಒತ್ತಾಯವನ್ನೂ ತಪ್ಪಿಸಿದನು. ಒಬ್ಬ ಮುಸ್ಲಿಮ್ ಅಧಿಕಾರಿಯಿಂದ ಒದಗಿದ ಸಂಕಟವು ಇನ್ನೊಬ್ಬ ಮುಸ್ಲಿಮ್ ಅಧಿಕಾರಿಯ ಸೌಜನ್ಯದಿಂದಲೇ ಪರಿಹಾರವಾಯಿತು. ಈ ಎರಡನ್ನೂ ನಿಕಿತಿನ್ನನು ಮರೆಮಾಚದೆ ಬರೆದಿಟ್ಟಿದ್ದಾನೆ.

ಜುನ್ನಾರಿನಿಂದ ಬೀದರಿಗೆ ಒಂದು ತಿಂಗಳ ದಾರಿ. ಆಗ ಬೀದರು ಬಹಮನಿ ರಾಜ್ಯದ ರಾಜಧಾನಿ. ಮೂರನೆಯ ಮಹಮ್ಮದ್ ಷಹನು ಆಳುತ್ತಿದ್ದನು. ಅವನಿನ್ನೂ ತರುಣ, ರಾಜ್ಯದ ಭಾರವೆಲ್ಲ ಮಂತ್ರಿಯಾದ ಮಹಮೂದ್ ಗವಾನನ ಹೆಗಲ ಮೇಲಿತ್ತು. ಗವಾನನೂ ಪರ್ಷಿಯಾದಿಂದ ವರ್ತಕನಾಗಿ ಬಂದವನೇ. ಅವನು 1472ರಲ್ಲಿ ಕಟ್ಟಿಸಿದ ಮದರಸವು ಇಂದಿಗೂ ಬೀದರಿನ ಹೆಮ್ಮೆಯಾಗಿ ನಿಂತಿದೆ.

ನಿಕಿತಿನ್ನನು ಬೀದರನ್ನು ಕಣ್ತುಂಬ ನೋಡಿದನು. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳು. ಒಂದೊಂದು ಬಾಗಿಲಿನಲ್ಲಿಯೂ ನೂರು ಕಾವಲುಗಾರರು ಮತ್ತು ಬರುವವರ, ಹೋಗುವವರ ಲೆಕ್ಕವನ್ನಿಡುವ ನೂರು ಕರಣಿಕರು. ಗೋಡೆಗಳಲ್ಲಿ ಚಿನ್ನದ ಬಣ್ಣದ ಕೆತ್ತನೆ. ಸುಲ್ತಾನನ ಸವಾರಿ ಹೊರಟರೆ ಉಕ್ಕಿನ ಕವಚವನ್ನು ತೊಟ್ಟ ಆನೆಗಳು, ವಾದ್ಯಗಾರರು, ಚಿನ್ನದ ಜೀನನ್ನು ಹೊತ್ತ ಕುದುರೆಗಳು. ಆದರೆ ಈ ವೈಭವವು ಅವನ ಕಣ್ಣನ್ನು ಕುರುಡು ಮಾಡಲಿಲ್ಲ. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಿರುವಾಗ ಹಳ್ಳಿಗಾಡಿನ ಜನರು ಕಡುಬಡವರಾಗಿರುವುದನ್ನು ಅವನು ಕಂಡನು. ಅದನ್ನೂ ಬರೆದನು. ದೊರೆಯ ಆಸ್ಥಾನದಲ್ಲಿ ಸತ್ಕಾರ ಪಡೆದ ಪ್ರವಾಸಿಗಳು ಸಾಮಾನ್ಯವಾಗಿ ಹೇಳದೆ ಬಿಡುವ ಮಾತಿದು.

ಬೀದರಿನಿಂದ ಅವನು ಆಳಂದದ ಜಾತ್ರೆಗೂ ಹೋಗಿದ್ದನು. ಸೂಫಿ ಸಂತರ ಸ್ಮರಣೆಯಲ್ಲಿ ಹತ್ತು ದಿನ ನಡೆಯುತ್ತಿದ್ದ ಆ ಸಂತೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಬರುತ್ತಿದ್ದುವೆಂದು ಅವನು ತಿಳಿಸುತ್ತಾನೆ. ಅವನ ಕುದುರೆಯು ಕೊನೆಗೆ ಬೀದರಿನಲ್ಲಿ ಮಾರಾಟವಾಯಿತು. ಒಂದು ವರ್ಷ ಕಾಲ ಅದನ್ನು ಸಾಕಿದ ಮೇಲೆಯೇ ಅದಕ್ಕೆ ಕೊಳ್ಳುವವನು ದೊರಕಿದ್ದನು. ತನ್ನ ದೇಶಕ್ಕೆ ಕೊಂಡೊಯ್ಯಲು ತಕ್ಕ ಸರಕೂ ಅವನಿಗೆ ಇಲ್ಲಿ ಸಿಕ್ಕಲಿಲ್ಲ. ಮೆಣಸು, ಬಣ್ಣಗಳು ಅಗ್ಗವಾಗಿದ್ದರೂ ಸುಂಕದ ಹೊರೆ ಹೆಚ್ಚು. ಸಮುದ್ರದಲ್ಲಿ ಕಳ್ಳರ ಭಯ. ವರ್ತಕನಾಗಿ ಅವನು ಸೋತನು.

ಆದರೆ ಬೀದರಿನಲ್ಲಿ ಅವನಿಗೆ ಬೇರೊಂದು ಲಾಭವಾಯಿತು. ತಾನು ಯಾರು, ತನ್ನ ಧರ್ಮ ಯಾವುದು ಎಂಬುದನ್ನು ಅವನು ಇಲ್ಲಿಯ ಹಿಂದೂಗಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದನು. ಅವರೂ ತಮ್ಮ ಊಟ, ವ್ಯಾಪಾರ, ಪೂಜೆಗಳಲ್ಲಿ ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಶಿವರಾತ್ರಿಯ ಯಾತ್ರೆಗೆ ಶ್ರೀಶೈಲಕ್ಕೆ ಹೊರಟವರು ಅವನನ್ನೂ ಕರೆದೊಯ್ದರು. ಒಂದು ತಿಂಗಳ ದಾರಿ. ಅಲ್ಲಿಯ ಗುಡಿ, ಕಲ್ಲಿನ ನಂದಿ, ಸಾವಿರಾರು ಯಾತ್ರಿಕರು ಇವೆಲ್ಲವನ್ನೂ ಅವನು ವಿವರಿಸಿದ್ದಾನೆ. ಶ್ರೀಶೈಲವು ಇವರ ಜೆರೂಸಲೆಮ್ ಎಂದು ತನ್ನ ನಾಡಿನವರಿಗೆ ಅರ್ಥವಾಗುವಂತೆ ಹೋಲಿಸಿದ್ದಾನೆ. ಪರಧರ್ಮದ ಪವಿತ್ರಸ್ಥಾನವನ್ನು ತನ್ನ ಧರ್ಮದ ಪವಿತ್ರಸ್ಥಾನದೊಡನೆ ಸರಿಗಟ್ಟಿ ನೋಡುವ ದೃಷ್ಟಿಯು ಆ ಕಾಲಕ್ಕೆ ಸಾಮಾನ್ಯವಾದುದಲ್ಲ.

ಇಷ್ಟಾದರೂ ಅವನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಧರ್ಮಗ್ರಂಥಗಳು ದರೋಡೆಯಲ್ಲಿ ಹೋದುದರಿಂದ ಅವನಿಗೆ ಹಬ್ಬಹರಿದಿನಗಳ ಲೆಕ್ಕವು ತಪ್ಪಿಹೋಯಿತು. ಈಸ್ಟರ್ ಹಬ್ಬವು ಯಾವ ದಿನ ಬರುವುದೆಂದು ತಿಳಿಯದೆ ಅವನು ಆಕಾಶದ ನಕ್ಷತ್ರಗಳ ಸ್ಥಾನವನ್ನು ನೋಡಿ ಊಹಿಸಬೇಕಾಯಿತು. ಅವನು ಒಬ್ಬನೇ ಉಪವಾಸ ಮಾಡಿದನು, ಒಬ್ಬನೇ ಪ್ರಾರ್ಥಿಸಿದನು. ಕುದುರೆಯ ನಷ್ಟಕ್ಕಿಂತಲೂ ದಿನಗಳ ಲೆಕ್ಕ ತಪ್ಪಿದ ದುಃಖವೇ ಅವನ ಬರಹದಲ್ಲಿ ಹೆಚ್ಚಾಗಿ ಕಾಣುತ್ತದೆ. ಕಡೆಗೆ ಅವನು ಮನೆಗೆ ಹಿಂದಿರುಗಲು ನಿಶ್ಚಯಿಸಿದನು.

ದಾಭೋಲ್ ಬಂದರಿನಲ್ಲಿ ಹತ್ತಿದ ಹಡಗು ಅವನನ್ನು ಮೊದಲು ಆಫ್ರಿಕದ ತೀರಕ್ಕೆ ಒಯ್ದಿತು. ಅಲ್ಲಿಂದ ಮಸ್ಕತ್, ಹೊರ್ಮುಜ್, ತಬ್ರೀಜ್‌ಗಳ ಮೂಲಕ ಸಾಗಿ ಕಪ್ಪು ಸಮುದ್ರವನ್ನು ದಾಟಿದನು. ಆದರೆ ತ್ವೇರನ್ನು ಅವನು ಮತ್ತೆ ಕಾಣಲಿಲ್ಲ. ಸ್ಮೊಲೆನ್ಸ್ಕ್ ಪಟ್ಟಣವನ್ನು ಸೇರುವ ಮೊದಲೇ ದಾರಿಯಲ್ಲಿ ಮರಣಹೊಂದಿದನು. ಅವನ ಕೈಬರಹದ ಹಾಳೆಗಳನ್ನು ವರ್ತಕರು ಮಾಸ್ಕೋ ನಗರಕ್ಕೆ ತಂದರು. 1475ರಲ್ಲಿ ಅವು ಅಲ್ಲಿಯ ವೃತ್ತಾಂತಕಾರರ ಕೈಸೇರಿದುವು. ಆಮೇಲೆ ಅವು ಬಹುಕಾಲ ಮರೆಯಲ್ಲಿದ್ದುವು. 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನ್ನನು ಒಂದು ಮಠದ ಗ್ರಂಥಭಂಡಾರದಲ್ಲಿ ಅದರ ಪ್ರತಿಯನ್ನು ಕಂಡು ಲೋಕಕ್ಕೆ ತಿಳಿಸಿದನು. ಕ್ಯಾಸ್ಪಿಯನ್ ಸಮುದ್ರ, ಹಿಂದೂ ಮಹಾಸಾಗರ, ಕಪ್ಪು ಸಮುದ್ರ ಇವುಗಳನ್ನು ದಾಟಿದವನ ಆ ಬರಹವು ಮೂರು ಸಮುದ್ರಗಳಾಚೆಯ ಪಯಣ ಎಂದು ಪ್ರಸಿದ್ಧವಾಗಿದೆ. 1955ರಲ್ಲಿ ತ್ವೇರಿನ ಜನರು ವೋಲ್ಗಾ ನದಿಯ ದಡದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಅವನು ತಂದ ಕುದುರೆ, ಗಳಿಸಬೇಕೆಂದಿದ್ದ ಹಣ ಯಾವುದೂ ಉಳಿಯಲಿಲ್ಲ. ಕಂಡುದನ್ನು ಕಂಡಂತೆ ಬರೆದ ಕೆಲವು ಹಾಳೆಗಳು ಮಾತ್ರ ಉಳಿದುವು. ಬೀದರಿನ ವೈಭವವನ್ನು ಶಾಸನಗಳೂ ಕಟ್ಟಡಗಳೂ ಹೇಳುತ್ತವೆ. ಅಂದಿನ ಹಳ್ಳಿಯ ಬಡವನ ಸ್ಥಿತಿಯನ್ನು ನಮಗೆ ಹೇಳಿದವನು ಈ ಪರದೇಶಿ. ಭಾಲ್ಕಿ, ಔರಾದ್‌ಗಳ ದಾರಿಯಲ್ಲಿ ಸೈಕಲ್ಲನ್ನು ತುಳಿಯುತ್ತ ಬೀದರಿನ ಏರನ್ನು ಹತ್ತುವ ವಿದ್ಯಾರ್ಥಿಯು ಅಲ್ಲಿ ಒಂದು ಗಳಿಗೆ ನಿಂತು ಹಿಂದಿರುಗಿ ನೋಡಲಿ. ಕೆಳಗೆ ಹರಡಿರುವ ಹೊಲಗಳು, ಕೊರಕಲುಗಳು, ಹಳ್ಳಿಗಳು ಅವನಿಗೆ ಪ್ರತಿದಿನದ ನೋಟ. ಅದನ್ನು ಹೊಸ ಕಣ್ಣಿನಿಂದ ನೋಡಿ ನಿಜವಾಗಿ ಬರೆದಿಡುವುದಕ್ಕೆ ಮೂರು ಸಮುದ್ರಗಳನ್ನು ದಾಟಿಯೇ ಬರಬೇಕೆಂಬ ನಿಯಮವಿಲ್ಲ.