ಕುರ್ಚಿ ಬಿಟ್ಟುಕೊಟ್ಟ ಎಸ್.ಆರ್. ಕಂಠಿ

ಸಾಮಾನ್ಯ ಜ್ಞಾನಕ್ಕೆ ಅಂತ ನಾವೆಲ್ಲ ಮುಖ್ಯಮಂತ್ರಿಗಳ ಹೆಸರು ಬಾಯಿಪಾಠ ಮಾಡ್ತೀವಿ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರು ಯಾರೂ ಮರೆಯಲ್ಲ. ಆದರೆ ಬಿ.ಡಿ. ಜತ್ತಿಯವರ ನಂತರ ಒಂದು ಹೆಸರು ಬರುತ್ತೆ, ಅದನ್ನ ತುಂಬಾ ಜನ ಬಿಟ್ಟುಬಿಡ್ತಾರೆ. ಅವರೇ ಎಸ್.ಆರ್. ಕಂಠಿ.

ಅವರ ಪೂರ್ತಿ ಹೆಸರು ಶಿವಲಿಂಗಪ್ಪ ರುದ್ರಪ್ಪ ಕಂಠಿ. 1908ರ ಡಿಸೆಂಬರ್‌ನಲ್ಲಿ ಕೆರೂರಿನಲ್ಲಿ ಹುಟ್ಟಿದರು. ಆ ಊರು ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಕಾನೂನು ಓದಿ ಹುನಗುಂದದಲ್ಲಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಯಲ್ಲೂ ಭಾಗವಹಿಸಿದರು. ಆ ಕಾಲದಲ್ಲಿ ಆ ಕಡೆಯ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅದಕ್ಕೇ ಕಂಠಿಯವರು ಮೊದಲು ಮುಂಬಯಿ ವಿಧಾನಸಭೆಯ ಉಪಸಭಾಪತಿ ಆಗಿದ್ದರು. 1956ರಲ್ಲಿ ರಾಜ್ಯ ಒಂದಾದ ಮೇಲೆ ನಮ್ಮ ವಿಧಾನಸಭೆಗೆ ಸಭಾಪತಿಯಾದರು.

1962ರ ಚುನಾವಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಕಾಂಗ್ರೆಸ್ ಗೆದ್ದಿತು, ಆದರೆ ಅದರ ದೊಡ್ಡ ನಾಯಕರಾದ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತುಹೋದರು! ಆಗ ಕಂಠಿಯವರು ಮುಖ್ಯಮಂತ್ರಿಯಾದರು. ಮಾರ್ಚ್ 14ಕ್ಕೆ ಅಧಿಕಾರ ವಹಿಸಿಕೊಂಡರು. ಅಷ್ಟರಲ್ಲಿ ಬಾಗಲಕೋಟೆಯಿಂದ ನಿಜಲಿಂಗಪ್ಪನವರು ಗೆದ್ದು ಬಂದರು. ಕಂಠಿಯವರು ಜಗಳ ಮಾಡಲಿಲ್ಲ, ಗುಂಪು ಕಟ್ಟಲಿಲ್ಲ. ಜೂನ್‌ನಲ್ಲಿ ಕುರ್ಚಿ ಬಿಟ್ಟುಕೊಟ್ಟರು. ನೂರು ದಿನವೂ ತುಂಬಿರಲಿಲ್ಲ. ರಾಮಾಯಣದ ಭರತನ ಹಾಗೆ ಅಲ್ವಾ?

ಇನ್ನೂ ದೊಡ್ಡ ವಿಷಯ ಏನಂದ್ರೆ, ಅವರು ಬೇಜಾರು ಮಾಡಿಕೊಂಡು ಮನೇಲಿ ಕೂರಲಿಲ್ಲ. ಅದೇ ನಿಜಲಿಂಗಪ್ಪನವರ ಕೈಕೆಳಗೆ ಶಿಕ್ಷಣ ಮಂತ್ರಿಯಾಗಿ ಕೆಲಸ ಮಾಡಿದರು. 1962ರಲ್ಲೇ ಚೀನಾ ಯುದ್ಧ ಆಗಿತ್ತು. ಹಳ್ಳಿ ಹುಡುಗರೂ ಸೈನ್ಯದಲ್ಲಿ ಅಧಿಕಾರಿಗಳಾಗಬೇಕು ಅಂದರೆ ಅದಕ್ಕೆ ತಕ್ಕ ಶಾಲೆ ಬೇಕು. 1963ರಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಶುರುವಾಯಿತು. ಅದು ಬರಲು ಕಂಠಿಯವರೇ ಮುಖ್ಯ ಕಾರಣ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆರಂಭವಾಗಿದ್ದೂ ಅವರು ಮಂತ್ರಿಯಾಗಿದ್ದಾಗಲೇ.

ಸೈನಿಕ ಶಾಲೆಗೆ ಆಗ ಹುಡುಗರನ್ನು ಮಾತ್ರ ಸೇರಿಸುತ್ತಿದ್ದರು. ಹಾಗಾದರೆ ಹೆಣ್ಣುಮಕ್ಕಳು? ಅವರಿಗಾಗಿ ಕಂಠಿಯವರು ಕಿತ್ತೂರಿನಲ್ಲಿ ವಸತಿ ಶಾಲೆ ಮಾಡಿಸಿದರು. 1824ರಲ್ಲಿ ಬ್ರಿಟಿಷರ ಮೇಲೆ ಯುದ್ಧ ಮಾಡಿದ ರಾಣಿ ಚೆನ್ನಮ್ಮನ ಹೆಸರನ್ನೇ ಅದಕ್ಕೆ ಇಟ್ಟರು. ಅಲ್ಲಿ ಪಾಠದ ಜೊತೆ ಕುದುರೆ ಸವಾರಿಯೂ ಉಂಟು. ನಮ್ಮ ಕಡೆ ಏಳನೇ ಕ್ಲಾಸ್ ಮುಗಿದರೆ, ಹೈಸ್ಕೂಲು ದೂರ ಅಂತ ಹೆಣ್ಣುಮಕ್ಕಳನ್ನ ಬಿಡಿಸಿಬಿಡುವವರು ಇದ್ದಾರೆ. ಅಂಥವರು ಈ ಶಾಲೆಯ ವಿಷಯ ತಿಳಿದುಕೊಳ್ಳಬೇಕು.

ಆ ಶಾಲೆ ಶುರುವಾಗಿದ್ದು 1969ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಕಂಠಿಯವರು ತೀರಿಕೊಂಡರು. ಶಾಲೆ ಬೆಳೆದದ್ದನ್ನು ನೋಡಲು ಅವರಿರಲಿಲ್ಲ.

ಹೋದ ತಿಂಗಳು ನಮ್ಮ ಮಾನಿಟರ್‌ಗೆ ಜ್ವರ ಬಂದಾಗ ನಾನು ಎರಡು ದಿನ ಮಾನಿಟರ್ ಆಗಿದ್ದೆ. ಮೂರನೇ ದಿನ ಬಿಟ್ಟುಕೊಡುವಾಗ ನನಗೆ ಹೊಟ್ಟೆ ಉರೀತು, ನಿಜ ಹೇಳ್ತೀನಿ. ಎರಡು ದಿನಕ್ಕೇ ಹೀಗಾದರೆ, ಇಡೀ ರಾಜ್ಯದ ಕುರ್ಚಿ ಬಿಡೋದು ಎಷ್ಟು ಕಷ್ಟ ಇರಬೇಕು! ಕಂಠಿಯವರು ಬಿಟ್ಟ ಕುರ್ಚಿಯಲ್ಲಿ ಆಮೇಲೆ ಎಷ್ಟೋ ಜನ ಕೂತರು. ಅವರು ಮಾಡಿಸಿದ ಶಾಲೆಗಳಲ್ಲಿ ಇವತ್ತೂ ಮಕ್ಕಳು ಓದುತ್ತಿದ್ದಾರೆ. ಇನ್ನು ಮೇಲೆ ಪಟ್ಟಿ ಹೇಳುವಾಗ ಅವರ ಹೆಸರು ಬಿಡಬೇಡಿ.

– 7ನೇ ತರಗತಿ